ಶಬ್ದವೇ ಬ್ರಹ್ಮ: ನಮ್ಮ ಮನೆ ಗುಂಪಿನ ಒಂದು ಜಗಳ

(ಫಾರ್ವರ್ಡ್ ಬಂದರೆ ಕೈ ಮುಗಿದು ಸುಮ್ಮನಾಗುವ ಗುಂಪು ನಮ್ಮದು. ಈ ಭಾನುವಾರ ಹಾಗಾಗಲಿಲ್ಲ. ಶುಭೋದಯದ ಚಿತ್ರಗಳನ್ನೂ ಸ್ಟಿಕರ್‌ಗಳನ್ನೂ ತೆಗೆದು ಮಿಕ್ಕಿದ್ದನ್ನು ಇಲ್ಲಿ ಹಾಕಿದ್ದೇನೆ.)

ದೊಡ್ಡಪ್ಪ (ಫಾರ್ವರ್ಡ್): ಶಬ್ದವೇ ಬ್ರಹ್ಮ!! ವೇದ ಹೇಳಿದ್ದೂ ಇದೇ, ಭರ್ತೃಹರಿ ಹೇಳಿದ್ದೂ ಇದೇ, ಬುದ್ಧ, ಶಂಕರ, ಮಧ್ವರು ಸಾರಿದ್ದೂ ಇದೇ. ಭರ್ತೃಹರಿಯ ಸ್ಫೋಟವೇ ಇಂದಿನ ಬಿಗ್ ಬ್ಯಾಂಗ್! ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳುಹಿಸಿ.

ಅತ್ತೆ: 🙏🙏

ಅಕ್ಕ: ದೊಡ್ಡಪ್ಪ, ಭರ್ತೃಹರಿ ಹೇಳಿದ್ದು ನಿಜ. ಮಿಕ್ಕವರೆಲ್ಲ ಇದನ್ನೇ ಹೇಳಿದರು ಅನ್ನೋದು ಸುಳ್ಳು.

ದೊಡ್ಡಪ್ಪ: ಏನಮ್ಮ ಸುಳ್ಳು? "ಚತ್ವಾರಿ ವಾಕ್ ಪರಿಮಿತಾ ಪದಾನಿ" ಅಂತ ಋಗ್ವೇದದಲ್ಲೇ ಇದೆ. ವಾಕ್ಕಿಗೆ ನಾಲ್ಕು ಪಾದ, ಮೂರು ಗುಹೆಯಲ್ಲಿ ಅಡಗಿವೆ, ಮನುಷ್ಯರು ಆಡೋದು ನಾಲ್ಕನೇದನ್ನು ಮಾತ್ರ. ನಮ್ಮಪ್ಪ ಬಾಯಿಪಾಠ ಮಾಡಿಸಿದ್ದು.

ಅಕ್ಕ: ಇದೆ, ಒಂದನೇ ಮಂಡಲದ 164ನೇ ಸೂಕ್ತ. ಅದನ್ನು ನಾನು ಅಲ್ಲಗಳೀತಿಲ್ಲ. ಆದರೆ ವಾಕ್ಕು ದೊಡ್ಡದು ಅನ್ನೋದು ಬೇರೆ, ಶಬ್ದವೇ ಪರಬ್ರಹ್ಮ ಅನ್ನೋದು ಬೇರೆ. ಎರಡನೇದನ್ನ ಮುಚ್ಚುಮರೆ ಇಲ್ಲದೆ ಸಿದ್ಧಾಂತ ಮಾಡಿ ನಿಲ್ಲಿಸಿದವನು ವೈಯಾಕರಣ ಭರ್ತೃಹರಿ, 5ನೇ ಶತಮಾನದಲ್ಲಿ. ಅವನ ವಾಕ್ಯಪದೀಯದ ಮೊದಲ ಶ್ಲೋಕವೇ "ಅನಾದಿನಿಧನಂ ಬ್ರಹ್ಮ ಶಬ್ದತತ್ತ್ವಂ ಯದಕ್ಷರಂ". ಆದಿ ಅಂತ್ಯ ಇಲ್ಲದ ಶಬ್ದತತ್ತ್ವವೇ ಬ್ರಹ್ಮ, ಅದೇ ಅರ್ಥಗಳಾಗಿ ತೋರುತ್ತಾ ಜಗತ್ತು ನಡೆಯುತ್ತೆ ಅಂತ.

ಅತ್ತೆ: ನೀತಿಶತಕ ಬರೆದವನೇ ತಾನೇ?

ಅಕ್ಕ: ಸಂಪ್ರದಾಯ ಹಾಗನ್ನುತ್ತೆ ಅತ್ತೆ, ವಿದ್ವಾಂಸರು ಜಗಳ ಆಡ್ತಾರೆ. ಚೀನೀ ಯಾತ್ರಿಕ ಇತ್ಸಿಂಗ್ ಬರೆದ ಪ್ರಕಾರ ಭರ್ತೃಹರಿ ಏಳು ಸಲ ಭಿಕ್ಷು ಆಗಿ ಏಳು ಸಲವೂ ಸಂಸಾರಕ್ಕೆ ವಾಪಸ್ ಬಂದನಂತೆ.

ಅತ್ತೆ: ಹೆಂಡತಿ ಏಳು ಸಲವೂ ಒಳಗೆ ಬಿಟ್ಟುಕೊಂಡಳಾ? ಅವಳ ಮೇಲೆ ಒಂದು ಶತಕ ಬರೀಬೇಕು.

ದೊಡ್ಡಪ್ಪ: ವಿಷಯಕ್ಕೆ ಬಾಮ್ಮ. ಸ್ಫೋಟ?

ಅಕ್ಕ: ಸ್ಫೋಟಕ್ಕೂ ವಿಶ್ವ ಸಿಡಿದದ್ದಕ್ಕೂ ಸಂಬಂಧವೇ ಇಲ್ಲ. ಪ್ರಶ್ನೆ ಇಷ್ಟು: "ಗೌಃ" ಅಂತೀವಿ. ಗಕಾರ ಬಾಯಿಂದ ಬಂದು ಹೋದಮೇಲೆ ಔಕಾರ, ಅದೂ ಹೋದಮೇಲೆ ವಿಸರ್ಗ. ಮೂರೂ ಒಟ್ಟಿಗೆ ಯಾವತ್ತೂ ಇರಲ್ಲ. ಹಾಗಿದ್ದರೆ ಹಸು ಅನ್ನೋ ಅರ್ಥ ಕೊಟ್ಟದ್ದು ಯಾವುದು? ವರ್ಣಗಳು ಬರೀ ಹೊರಗೆಡಹುತ್ತವೆ, ಅರ್ಥ ಕೊಡೋದು ಅಖಂಡವಾದ ಒಂದು ಸ್ಫೋಟ ಅಂತ ವೈಯಾಕರಣರು. ಮೀಮಾಂಸಕ ಕುಮಾರಿಲ ಭಟ್ಟ ಇದನ್ನ ತನ್ನ ಶ್ಲೋಕವಾರ್ತಿಕದಲ್ಲಿ ಖಂಡಿಸಿದ. ಶಂಕರರೂ ಬ್ರಹ್ಮಸೂತ್ರ 1.3.28ರ ಭಾಷ್ಯದಲ್ಲಿ ಹಳೆಯ ಆಚಾರ್ಯ ಉಪವರ್ಷರ ಹೆಸರು ಹೇಳಿ "ವರ್ಣಗಳೇ ಶಬ್ದ" ಅಂತ ಸ್ಫೋಟವನ್ನ ಪಕ್ಕಕ್ಕಿಟ್ಟರು. ನಿಮ್ಮ ಫಾರ್ವರ್ಡ್ ಅವರನ್ನೇ ಸಾಕ್ಷಿಗೆ ಕರೆದಿದೆ.

ದೊಡ್ಡಪ್ಪ: ಹ್ಮ್.

ನಾನು: ಬುದ್ಧನ ಕಡೆಯವರು?

ಅಕ್ಕ: ಅವರಂತೂ ಇನ್ನೂ ದೂರ. ದಿಙ್ನಾಗನ ಅಪೋಹವಾದದಲ್ಲಿ "ಹಸು" ಅನ್ನೋ ಶಬ್ದ ಹಸುವನ್ನ ಮುಟ್ಟೋದೇ ಇಲ್ಲ, ಹಸು ಅಲ್ಲದ್ದನ್ನ ದೂರ ಮಾಡುತ್ತೆ ಅಷ್ಟೆ. ನಾಗಾರ್ಜುನ ವ್ಯವಹಾರದ ಮಾತನ್ನ ಆಶ್ರಯಿಸದೆ ಪರಮಾರ್ಥವನ್ನ ಬೋಧಿಸಕ್ಕಾಗಲ್ಲ ಅಂದ, ಮಾತೇ ಪರಮಾರ್ಥ ಅನ್ನಲಿಲ್ಲ.

ಭಾವ: ನನಗೆ ಭರ್ತೃಹರಿಯ ಬಗ್ಗೇನೇ ಅನುಮಾನ. ಲೋಕದಲ್ಲಿ ಶಬ್ದ ಬೆರೆಯದ ಪ್ರತ್ಯಯ, ಅಂದರೆ ತಿಳಿವು, ಇಲ್ಲವೇ ಇಲ್ಲ ಅಂತಾನಲ್ಲ? ಪಾಪುಗೆ ಇನ್ನೂ ಒಂದು ಮಾತೂ ಬರಲ್ಲ. ಕನ್ನಡಕ ಸೋಫಾ ಕೆಳಗೆ ತಳ್ಳಿಬಿಟ್ಟು, ನಾನು ಹುಡುಕೋದನ್ನ ನೋಡಿ ನಗುತ್ತೆ. ಅದಕ್ಕೆ ಯಾವ ಶಬ್ದ?

ಅಕ್ಕ: ಆ ಪ್ರಶ್ನೆ ಅವನೇ ಎತ್ತಿದಾನೆ. ಹೀಗೆ ಮಾಡಬೇಕು ಅನ್ನೋ ತಿಳಿವೆಲ್ಲ ಶಬ್ದವನ್ನೇ ಆಶ್ರಯಿಸಿದೆ, ಹಿಂದಿನ ಸಂಸ್ಕಾರದಿಂದ ಬಾಲಕನಿಗೂ ಅದು ಬರುತ್ತೆ ಅಂತ ಶ್ಲೋಕ. ಮಗು ಮೊದಲ ಸಲ ನಾಲಗೆ ಆಡಿಸೋದು, ಉಸಿರು ಮೇಲೆತ್ತೋದು, ಅದನ್ನ ಯಾರೂ ಕಲಿಸಿಲ್ಲ. ಒಳಗೆ ಶಬ್ದಭಾವನೆ, ಅಂದರೆ ಶಬ್ದದ ಸಂಸ್ಕಾರ, ಇಲ್ಲದಿದ್ದರೆ ಅದೂ ಆಗ್ತಿರಲಿಲ್ಲ ಅಂತಾನೆ.

ಭಾವ: ಉತ್ತರ ಸಿಗದ ಕಡೆ ಹಿಂದಿನ ಜನ್ಮ. ಅನುಕೂಲ.

(ಇಲ್ಲಿ ನಾನು ಭಾವನ ಪಕ್ಷ. ಗುಂಪಿನಲ್ಲಿ ಹೇಳುವ ಧೈರ್ಯ ಬರಲಿಲ್ಲ.)

ದೊಡ್ಡಪ್ಪ: ಮಧ್ವರ ವಿಷಯ ನಮ್ಮ ಅಳಿಯಂದಿರೇ ಹೇಳಲಿ.

ಭಾವ: ಮಾವ, ಶಬ್ದ ಬೇರೆ, ಬ್ರಹ್ಮ ಬೇರೆ. ಆದರೆ ಬ್ರಹ್ಮ ಮಾತಿಗೆ ಸಿಗಲ್ಲ ಅನ್ನೋದನ್ನ ಆಚಾರ್ಯರು ಒಪ್ಪಲ್ಲ. ಎಲ್ಲ ಶಬ್ದಗಳೂ ಮುಖ್ಯವಾಗಿ ವಿಷ್ಣುವನ್ನೇ ಹೇಳೋದು. ಬ್ರಹ್ಮಸೂತ್ರದ ಐದನೇ ಸೂತ್ರ ನೋಡಿ, "ಈಕ್ಷತೇರ್ನಾಶಬ್ದಂ". ಶಂಕರರಿಗೆ ಅದು ಸಾಂಖ್ಯರ ಮೇಲಿನ ಏಟು: ಜಗತ್ಕಾರಣ "ನೋಡಿತು" ಅಂತ ಶ್ರುತಿ ಇರೋದರಿಂದ, ಶ್ರುತಿಯ ಆಧಾರವಿಲ್ಲದ, ಸಾಂಖ್ಯರು "ಪ್ರಧಾನ" ಅನ್ನೋ ಜಡ ಮೂಲಪ್ರಕೃತಿ ಕಾರಣ ಅಲ್ಲ. ಮಧ್ವರಿಗೆ ಅದೇ ಸೂತ್ರ: ಬ್ರಹ್ಮ ಕಾಣಸಿಗುತ್ತೆ ಅಂತ ಶ್ರುತಿ ಇರೋದರಿಂದ ಅದು ಶಬ್ದಕ್ಕೆ ಸಿಗದ್ದಲ್ಲ.

ಅಕ್ಕ: ಮತ್ತೆ "ಯತೋ ವಾಚೋ ನಿವರ್ತಂತೇ"? ಮನಸ್ಸಿನ ಜೊತೆ ಮಾತೂ ಮುಟ್ಟಲಾರದೆ ಹಿಂತಿರುಗುತ್ತೆ ಅಂತ ತೈತ್ತಿರೀಯದಲ್ಲಿ ನೇರವಾಗಿಯೇ ಇದೆ.

ಭಾವ: ಪೂರ್ತಿ ಹೇಳಿ ಮುಗಿಸಕ್ಕಾಗಲ್ಲ ಅಂತ ಅದರರ್ಥ. ಮೇರುಪರ್ವತ ನೋಡಿದವರೂ ಇಡೀ ಮೇರುವನ್ನ ನೋಡಿರಲ್ಲ, ಹಾಗಂತ ಮೇರು ಕಾಣಲ್ಲ ಅನ್ನೋದಾ? ಈ ದೃಷ್ಟಾಂತ ಮಧ್ವರ ಭಾಷ್ಯದಲ್ಲೇ ಇದೆ. ನಾನೂ ಒಂದು ಕೇಳ್ತೀನಿ. ಬ್ರಹ್ಮ ವಾಚ್ಯ ಅಲ್ಲ, ಅಂದರೆ ಶಬ್ದ ಅದನ್ನ ನೇರವಾಗಿ ಹೇಳಲ್ಲ, ಲಕ್ಷಣೆಯಿಂದ, ಅಂದರೆ ಸೂಚನೆಯಿಂದ, ತಿಳಿಯುತ್ತೆ ಅಂತೀರಿ ನೀವು ಅದ್ವೈತಿಗಳು. ಗಂಗೆಯಲ್ಲಿ ಹಳ್ಳಿ ಅಂದರೆ ದಡ ಅಂತ ಹೊಳೆಯೋದು, ದಡ ಏನು ಅಂತ ಮೊದಲೇ ಗೊತ್ತಿರೋದರಿಂದ. ದಡಕ್ಕೆ ದಡ ಅನ್ನೋ ಶಬ್ದವೂ ಇದೆ. ಯಾವ ಶಬ್ದಕ್ಕೂ ಸಿಗದ್ದನ್ನ ಲಕ್ಷಣೆ ಹೇಗೆ ಹಿಡಿಯುತ್ತೆ?

ಅತ್ತೆ: ಗಂಡ ಹೆಂಡತಿ ಒಂದೇ ಮನೇಲಿ ಕೂತು ಗುಂಪಲ್ಲಿ ಜಗಳ ಆಡ್ತಿದ್ದೀರಾ?

ಅಕ್ಕ: ಅವರು ಮಹಡಿ ಮೇಲಿದ್ದಾರೆ ಅತ್ತೆ. ರೀ, ಪ್ರಶ್ನೆ ಚೆನ್ನಾಗಿದೆ. ಆದರೆ ಬ್ರಹ್ಮ ದಡದ ಹಾಗೆ ಎಲ್ಲೋ ಆಚೆ ಇದ್ದಿದ್ದರೆ ತಾನೇ ಆ ತೊಂದರೆ? ಆತ್ಮ ಯಾವತ್ತೂ ಅರಿವಿಗೆ ಬಾರದ್ದಲ್ಲ, ಅಸ್ಮತ್ಪ್ರತ್ಯಯಕ್ಕೆ, "ನಾನು" ಅನ್ನೋ ತಿಳಿವಿಗೆ, ವಿಷಯ ಅಂತ ಶಂಕರರ ಅಧ್ಯಾಸಭಾಷ್ಯದಲ್ಲೇ ಇದೆ. ತಾನಿಲ್ಲ ಅಂತ ಯಾರೂ ಅಂದುಕೊಳ್ಳಲ್ಲ. ಶಾಸ್ತ್ರ ಬ್ರಹ್ಮವನ್ನ "ಇದು" ಅಂತ ಬೆರಳು ಮಾಡಿ ತೋರಿಸಕ್ಕೆ ಹೋಗಲ್ಲ. ತಿಳಿಯುವವನು, ತಿಳಿಯಬೇಕಾದ್ದು ಅಂತ ನಾವು ಕಲ್ಪಿಸಿಕೊಂಡ ಭೇದವನ್ನ ತೆಗೆಯುತ್ತೆ ಅಷ್ಟೆ.

ದೊಡ್ಡಪ್ಪ: ತಡಿಯಮ್ಮ. ಅಸ್ಮತ್ ಪ್ರತ್ಯಯ ಅಂದೆ. ಶಬ್ದ ಬೆರೆಯದ ಪ್ರತ್ಯಯವೇ ಇಲ್ಲ ಅಂತ ಭರ್ತೃಹರಿ ಅಂದನಂತೆ. ಹಾಗಾದರೆ "ನಾನು" ಅನ್ನೋದರಲ್ಲೂ ಶಬ್ದ ಬಂತಲ್ಲ?

ಭಾವ: ಮಾವ 👏👏

ಅಕ್ಕ: ಒಪ್ಪಿದೆ, ಪ್ರತ್ಯಯದಲ್ಲಿ ಶಬ್ದ ಇರಲಿ. ಪ್ರತ್ಯಯ ಬರುತ್ತೆ, ಹೋಗುತ್ತೆ. ಬಂದದ್ದೂ ಹೋದದ್ದೂ ಯಾರಿಗೆ ತಿಳಿಯುತ್ತೋ ಅದು ಆತ್ಮ. ಗಾಢ ನಿದ್ದೆಯಲ್ಲಿ ಶಬ್ದವೂ ಇಲ್ಲ, ಪ್ರತ್ಯಯವೂ ಇಲ್ಲ, ಆದರೂ ನೀವಿದ್ದಿರಿ.

ಭಾವ: "ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ" ಅಂತ ಎದ್ದಮೇಲೆ ಮಾತಲ್ಲೇ ತಾನೇ ಹೇಳೋದು?

ಅಕ್ಕ: ಹೇಳೋದು ಮಾತಲ್ಲಿ. ಮಲಗಿದ್ದು ಮಾತಲ್ಲಲ್ಲ.

ದೊಡ್ಡಪ್ಪ: ಅದ್ವೈತಿಗಳಲ್ಲಿ ಒಬ್ಬರಾದರೂ ಭರ್ತೃಹರಿಯನ್ನ ಒಪ್ಪಿಲ್ಲವೇನಮ್ಮ?

ಅಕ್ಕ: ಮಂಡನಮಿಶ್ರರು. ಕುಮಾರಿಲನ ವಿರುದ್ಧ ಸ್ಫೋಟವನ್ನ ಸಮರ್ಥಿಸಿ ಸ್ಫೋಟಸಿದ್ಧಿ ಬರೆದರು. ತಮ್ಮ ಇನ್ನೊಂದು ಗ್ರಂಥ ಬ್ರಹ್ಮಸಿದ್ಧಿಯ ಮೊದಲ ಶ್ಲೋಕದಲ್ಲಿ ಬ್ರಹ್ಮವನ್ನ "ಅಕ್ಷರ" ಅಂತ ಕರೆದು, ಬ್ರಹ್ಮ ಶಬ್ದಸ್ವರೂಪ ಅಂತಲೇ ವಿವರಿಸ್ತಾರೆ.

ದೊಡ್ಡಪ್ಪ: ನೋಡು! ಇದನ್ನ ಬೆಳಗ್ಗೆಯೇ ಹೇಳೋದಲ್ವೇ?

ಅಕ್ಕ: ನೀವು ಬಿಗ್ ಬ್ಯಾಂಗ್ ಕೇಳಿದ್ರಿ ದೊಡ್ಡಪ್ಪ.

ದೊಡ್ಡಪ್ಪ: ಆಯ್ತು ಆಯ್ತು. ಸ್ಫೋಟಸಿದ್ಧಿ ಪಿಡಿಎಫ್ ಇದ್ದರೆ ಹಾಕು. ಅಕ್ಷರ ದೊಡ್ಡದಿರಲಿ, ಮೊಬೈಲಲ್ಲಿ ಓದಬೇಕು.