ಶಾಲಾ ಕ್ಯಾಫೆಟೀರಿಯಾ ಸಿಬ್ಬಂದಿಗೆ ಸಿವಿಲ್ ರೈಟ್ಸ್ ಟ್ರೈನಿಂಗ್: ಒಂದು ಗಂಟೆಯಲ್ಲಿ ಏನು ಹೇಳಬೇಕು?

ಪ್ರಶ್ನೆ

ಅಮೆರಿಕದ ಸರ್ಕಾರಿ ಶಾಲೆಯೊಂದರಲ್ಲಿ ಕ್ಯಾಫೆಟೀರಿಯಾ ಮ್ಯಾನೇಜರ್ ಕೆಲಸ ಹೊಸದಾಗಿ ವಹಿಸಿಕೊಂಡಿದ್ದೇನೆ. ಆಗಸ್ಟ್‌ನಲ್ಲಿ ಮಕ್ಕಳು ಬರುವ ಮೊದಲು ಕಿಚನ್ ಸಿಬ್ಬಂದಿಗೆಲ್ಲ ಸಿವಿಲ್ ರೈಟ್ಸ್ ಟ್ರೈನಿಂಗ್, ಅಂದರೆ ಭೇದಭಾವವಿಲ್ಲದೆ ಊಟ ಬಡಿಸುವ ತರಬೇತಿ ಕೊಡಬೇಕು. ಕೈಯಲ್ಲಿರುವುದು ಒಂದೇ ಗಂಟೆ. ಲೈನ್‌ನಲ್ಲಿ ನಿಲ್ಲುವವರಲ್ಲಿ ಅರ್ಧದಷ್ಟು ಕನ್ನಡ, ತೆಲುಗು, ತಮಿಳು ಮನೆಗಳ ಹೆಂಗಸರು. ಉಳಿದವರಲ್ಲಿ ಸ್ಪ್ಯಾನಿಷ್ ಮಾತಾಡುವವರು ಹೆಚ್ಚು. ಹಳೆಯ ಸ್ಲೈಡ್‌ಗಳ ತುಂಬ ಕಾನೂನುಗಳ ಹೆಸರೇ ಇವೆ, ಓದಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಏನು ಹೇಳಬೇಕು, ಜನ ಎಲ್ಲಿ ಎಡವುತ್ತಾರೆ, ಯಾವ ಕಾಗದ ಇಟ್ಟುಕೊಳ್ಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಡಿಸ್ಟ್ರಿಕ್ಟ್ (ಶಾಲೆಗಳ ಸ್ಥಳೀಯ ಆಡಳಿತ) ಕಚೇರಿಯಲ್ಲಿ ಈ ಕೆಲಸ ನೋಡಿಕೊಳ್ಳುವವರು

ಮೊದಲು ಬುನಾದಿ ಹೇಳಿಬಿಡುತ್ತೇನೆ. ಯುಎಸ್‌ಡಿಎಯ (ಅಮೆರಿಕದ ಕೃಷಿ ಇಲಾಖೆ) ಆಹಾರ ಮತ್ತು ಪೋಷಣೆ ವಿಭಾಗದ ಎಫ್‌ಎನ್‌ಎಸ್ ಇನ್‌ಸ್ಟ್ರಕ್ಷನ್ 113-1 ಎಂಬ 2005ರ ದಾಖಲೆಯ ಪ್ರಕಾರ ಈ ಟ್ರೈನಿಂಗ್ ಪ್ರತಿವರ್ಷ ಆಗಲೇಬೇಕು. ಅದರಲ್ಲಿ ಒಂಬತ್ತು ವಿಷಯ ಬರಬೇಕು: ಅಂಕಿಅಂಶ ಸಂಗ್ರಹ, ಜನರಿಗೆ ಮಾಹಿತಿ ತಲುಪಿಸುವುದು, ದೂರಿನ ಕ್ರಮ, ತಪಾಸಣೆ ಹೇಗೆ ನಡೆಯುತ್ತದೆ, ಲೋಪ ಸಿಕ್ಕರೆ ಸರಿಪಡಿಸುವ ಬಗೆ, ಅಂಗವೈಕಲ್ಯ ಇರುವವರಿಗೆ ಊಟದ ಬದಲಾವಣೆ, ಭಾಷಾ ನೆರವು, ಜಟಾಪಟಿ ತಣ್ಣಗಾಗಿಸುವುದು, ಎದುರಿನವರ ಜೊತೆ ನಡೆದುಕೊಳ್ಳುವ ರೀತಿ. ಒಂಬತ್ತಕ್ಕೂ ಸಮನಾಗಿ ಸಮಯ ಹಂಚಲು ಹೋಗಬೇಡಿ. ಮೊದಲನೆಯದು ಮತ್ತು ತಪಾಸಣೆಯ ಎರಡು ವಿಷಯ ಲೈನ್‌ನವರಿಗೆ ಐದು ನಿಮಿಷದಲ್ಲಿ ಮುಗಿಯುತ್ತವೆ. ದೂರು, ಅಲರ್ಜಿ, ಭಾಷೆ, ನಡವಳಿಕೆ ಇವಕ್ಕೆ ಉಳಿದ ಹೊತ್ತನ್ನೆಲ್ಲ ಕೊಡಿ.

ಭೇದಭಾವದಿಂದ ರಕ್ಷಣೆಯ ಆಧಾರಗಳು ಆರು: ಜನಾಂಗ, ಬಣ್ಣ, ಮೂಲದೇಶ, ಲಿಂಗ, ವಯಸ್ಸು, ಅಂಗವೈಕಲ್ಯ. ಇದರ ಹಿಂದೆ 1964ರ ಸಿವಿಲ್ ರೈಟ್ಸ್ ಕಾಯ್ದೆಯ ಟೈಟಲ್ 6, 1972ರ ಶಿಕ್ಷಣ ತಿದ್ದುಪಡಿಗಳ ಟೈಟಲ್ 9, 1973ರ ರಿಹ್ಯಾಬಿಲಿಟೇಷನ್ ಕಾಯ್ದೆಯ ಸೆಕ್ಷನ್ 504, 1975ರ ವಯೋಭೇದ ಕಾಯ್ದೆ ಇವೆ. ಸಿಬ್ಬಂದಿಗೆ ಇಸವಿಗಳು ಬೇಡ, ಆರು ಆಧಾರಗಳು ಬಾಯಿಗೆ ಬಂದರೆ ಸಾಕು.

ಯಾರನ್ನು ಕೂರಿಸಬೇಕು ಎಂಬಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಅಡುಗೆಯವರು, ಕ್ಯಾಶಿಯರ್‌ಗಳು ಮಾತ್ರವಲ್ಲ. ಉಚಿತ ಊಟದ ಅರ್ಜಿ ಮುಟ್ಟುವ ಆಫೀಸ್ ಕ್ಲರ್ಕ್, ತರಗತಿಯಲ್ಲಿ ಬ್ರೇಕ್‌ಫಾಸ್ಟ್ ಹಂಚುವ ಟೀಚರ್, ಲೈನ್‌ನಲ್ಲಿ ಸಹಾಯಕ್ಕೆ ನಿಲ್ಲುವ ವಾಲಂಟಿಯರ್ ತಾಯಂದಿರು, ಬದಲಿ ಸಿಬ್ಬಂದಿ, ಇವರೆಲ್ಲರ ಮೇಲ್ವಿಚಾರಕರು: ಮಕ್ಕಳ ಅಥವಾ ಪೋಷಕರ ಜೊತೆ ಮಾತಾಡುವ ಎಲ್ಲರೂ ಬರಬೇಕು.

ಲೈನ್ ಟ್ರೈನಿಂಗ್ ಕೊಡುವವರು

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಆರು ಪದ ಹೇಳಿಸಿದ ಮೇಲೆ ನೇರ ಟ್ರೇಗೆ ಬನ್ನಿ. ಕೌಂಟರ್ ಮೇಲೆ ಬೀಫ್ ಟಾಕೋ ಇದೆ, ಬೀನ್ಸ್ ಬುರಿಟೊ ಇದೆ. ಭಾರತದವಳಂತೆ ಕಾಣುವ ಹುಡುಗಿ ಬಂದಳು. ಸರ್ವ್ ಮಾಡುವವರು ಕೇಳದೆಯೇ ಬುರಿಟೊ ಎತ್ತಿ ಇಟ್ಟರು. ಮನಸ್ಸಿನಲ್ಲಿರುವುದು ಪ್ರೀತಿಯೇ. ಆದರೆ ಮುಖ ನೋಡಿ ಮೂಲದೇಶ ಊಹಿಸಿ, ಆ ಊಹೆಯ ಮೇಲೆ ಊಟ ನಿರ್ಧರಿಸಿದ ಹಾಗಾಯಿತು. ಹಿಂದಿನ ಮಗುವಿಗೆ ಆಯ್ಕೆ ಕೊಟ್ಟಿರಿ, ಈ ಮಗುವಿಗೆ ಕೊಡಲಿಲ್ಲ. ನಮ್ಮ ಹೆಂಗಸರು ಈ ತಪ್ಪನ್ನು ಹೆಚ್ಚು ಮಾಡುತ್ತಾರೆ, ಮಗು ನಮ್ಮದೇ ಮನೆಯದು ಅನ್ನಿಸುವುದರಿಂದ. ಎಲ್ಲರಿಗೂ ಒಂದೇ ಪ್ರಶ್ನೆ: "ಇವತ್ತು ಯಾವುದು ಬೇಕು?" ಟ್ರೈನಿಂಗ್‌ನಲ್ಲಿ ಇಬ್ಬರನ್ನು ನಿಲ್ಲಿಸಿ ಇದನ್ನು ಆಡಿಸಿ ತೋರಿಸಿ.

ಇದರ ಜೊತೆಗೇ ಆಫರ್ ವರ್ಸಸ್ ಸರ್ವ್ ನಿಯಮವನ್ನೂ ಹೇಳಿ, ಅಂದರೆ ಎಲ್ಲವನ್ನೂ ಬಡಿಸದೆ ಬೇಡದ್ದನ್ನು ಬಿಡಲು ಮಗುವಿಗೆ ಅವಕಾಶ ಕೊಡುವುದು. ಲಂಚ್‌ನಲ್ಲಿ ಐದು ಭಾಗ: ಮಾಂಸ ಅಥವಾ ಅದರ ಬದಲಿ, ಧಾನ್ಯ, ಹಣ್ಣು, ತರಕಾರಿ, ಹಾಲು. ಈ ಪದ್ಧತಿ ಇರುವ ಕಡೆ ಮಗು ಮೂರು ಭಾಗ ತೆಗೆದುಕೊಂಡು, ಅದರಲ್ಲಿ ಅರ್ಧ ಕಪ್ ಹಣ್ಣು ಅಥವಾ ತರಕಾರಿ ಇದ್ದರೆ ಊಟ ಲೆಕ್ಕಕ್ಕೆ ಬರುತ್ತದೆ. ಮಾಂಸ ಬೇಡ ಎಂದ ಮಗು ರೋಲ್, ಸೇಬು, ಹಾಲು ತೆಗೆದುಕೊಂಡರೂ ಸರಿಯೇ. "ಚಿಕನ್ ತಗೊಳ್ಳದಿದ್ದರೆ ಲಂಚ್ ಅಲ್ಲ" ಎನ್ನುವ ಕ್ಯಾಶಿಯರ್‌ಗೆ ನಿಯಮವೇ ಗೊತ್ತಿಲ್ಲ ಎಂದರ್ಥ. ಹೈಸ್ಕೂಲ್ ಲಂಚ್‌ಗೆ ಇದು ಕಡ್ಡಾಯ, ಕೆಳಗಿನ ತರಗತಿಗಳಿಗೆ ಡಿಸ್ಟ್ರಿಕ್ಟ್ ಇಷ್ಟ. ನಿಮ್ಮಲ್ಲಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ವಿಶೇಷ ಆಹಾರದ ಫೈಲ್ ನೋಡಿಕೊಳ್ಳುವ ಡಯಟೀಷಿಯನ್

ಒಂದು ಗಂಟೆಯಲ್ಲಿ ಹದಿನೈದು ನಿಮಿಷ ಇದಕ್ಕೇ ಮೀಸಲಿಡಿ. ದೊಡ್ಡ ತೊಂದರೆಗಳು ಬರುವುದು ಇಲ್ಲಿಂದಲೇ.

ಆಹಾರದ ಅಲರ್ಜಿ, ಮಧುಮೇಹ, ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ), ನುಂಗಲು ಕಷ್ಟವಾಗುವ ತೊಂದರೆ ಇವೆಲ್ಲ ಅಂಗವೈಕಲ್ಯದ ವ್ಯಾಪ್ತಿಗೆ ಬರಬಹುದು. ಜೀವಕ್ಕೆ ಅಪಾಯವಾಗುವಷ್ಟು ತೀವ್ರವಾಗಿರಬೇಕು ಎಂದೇನಿಲ್ಲ. ವೈದ್ಯಕೀಯ ಪತ್ರದಲ್ಲಿ ಮೂರು ಸಂಗತಿ ಇರಬೇಕು: ತೊಂದರೆಯಿಂದ ಮಗುವಿನ ಊಟಕ್ಕೆ ಏನು ಅಡ್ಡಿ, ಅದಕ್ಕೆ ಏನು ಮಾಡಬೇಕು, ಯಾವ ಆಹಾರ ಬಿಟ್ಟು ಯಾವುದನ್ನು ಕೊಡಬೇಕು. ಕಾಯಿಲೆಯ ಹೆಸರು ಇರಲೇಬೇಕು ಎಂದು ಹಟ ಹಿಡಿಯುವಂತಿಲ್ಲ. ರಾಜ್ಯದ ಕಾನೂನಿನಂತೆ ಔಷಧ ಬರೆದುಕೊಡುವ ಅಧಿಕಾರ ಇರುವವರು ಸಹಿ ಹಾಕಬಹುದು; 2025ರ ಜುಲೈ 1ರಿಂದ ರಿಜಿಸ್ಟರ್ಡ್ ಡಯಟೀಷಿಯನ್‌ಗಳ ಸಹಿಯನ್ನೂ ಒಪ್ಪಿಕೊಳ್ಳಲೇಬೇಕು. ಅನೇಕ ಕಿಚನ್‌ಗಳಲ್ಲಿ ಇನ್ನೂ ಹಳೆಯ ಫಾರಂ ಓಡಾಡುತ್ತಿದೆ, ಬದಲಾಯಿಸಿ. ಮಗುವಿನ 504 ಪ್ಲಾನ್ ಅಥವಾ ಐಇಪಿಯಲ್ಲಿ (ಅಂಗವೈಕಲ್ಯ ಇರುವ ಮಗುವಿಗೆ ಶಾಲೆ ಬರೆದಿಡುವ ನೆರವಿನ ಯೋಜನೆಗಳು) ಇದೇ ವಿವರ ಇದ್ದರೆ ಬೇರೆ ಪತ್ರ ಕೇಳಬೇಡಿ.

ಪತ್ರ ಅಸ್ಪಷ್ಟವಾಗಿದೆಯೇ? ಪೋಷಕರಿಂದ ವಿವರಣೆ ಕೇಳಿ, ಆದರೆ ಅದು ಬರುವ ತನಕ ಊಟದ ಬದಲಾವಣೆ ನಿಲ್ಲಿಸಬೇಡಿ. ಅರ್ಥವಾದಷ್ಟನ್ನು ಇವತ್ತೇ ಪಾಲಿಸಿ. ಹೆಚ್ಚುವರಿ ಹಣ ಒಂದು ಸೆಂಟ್ ಕೂಡ ತೆಗೆದುಕೊಳ್ಳುವಂತಿಲ್ಲ. ಪೋಷಕರು ಕೇಳಿದ ಬ್ರ್ಯಾಂಡನ್ನೇ ತರಬೇಕು ಎಂಬ ಕಟ್ಟುಪಾಡು ಶಾಲೆಗಿಲ್ಲ, ಮಗುವಿಗೆ ಸುರಕ್ಷಿತವಾದ ಸಮಂಜಸ ಬದಲಿ ಸಾಕು. ಈ ಚೌಕಾಸಿ ಕೌಂಟರ್‌ನಲ್ಲಿ ನಡೆಯಬಾರದು. ಲೈನ್‌ನವರು ಹೇಳಬೇಕಾದ ಮಾತು ಒಂದೇ: "ಮ್ಯಾನೇಜರ್‌ಗೆ ಈಗಲೇ ತಿಳಿಸುತ್ತೇನೆ." "ಆಗುವುದಿಲ್ಲ" ಎಂಬ ಮಾತು ಅವರ ಬಾಯಿಂದ ಬರಕೂಡದು.

ಹಾಲಿನ ವಿಷಯ ಬೇರೆ. ಲ್ಯಾಕ್ಟೋಸ್ ಇಲ್ಲದ ಹಾಲು ಹಾಲೇ, ಅದಕ್ಕೆ ಪತ್ರ ಬೇಡ. ಅಂಗವೈಕಲ್ಯದ ಕಾರಣವಿಲ್ಲದೆ ಸೋಯಾದಂಥ ಬದಲಿ ಬೇಕೆಂದರೆ ಪೋಷಕರ ಲಿಖಿತ ಕೋರಿಕೆ ಸಾಕು, ಆದರೆ ಆ ಪಾನೀಯದಲ್ಲಿ ಒಂದು ಕಪ್‌ಗೆ 276 ಮಿಲಿಗ್ರಾಂ ಕ್ಯಾಲ್ಸಿಯಂ, 8 ಗ್ರಾಂ ಪ್ರೋಟೀನ್ ಸೇರಿದಂತೆ ನಿಗದಿತ ಪೋಷಕಾಂಶ ಇರಬೇಕು. ಸಾಮಾನ್ಯ ಬಾದಾಮಿ ಹಾಲು ಪ್ರೋಟೀನ್‌ನಲ್ಲೇ ಬಿದ್ದುಹೋಗುತ್ತದೆ. ಎಳ್ಳು 2023ರ ಜನವರಿಯಿಂದ ಒಂಬತ್ತನೆಯ ಪ್ರಮುಖ ಅಲರ್ಜಿಕಾರಕ. ಬನ್, ಹಮ್ಮಸ್, ಡ್ರೆಸ್ಸಿಂಗ್ ಲೇಬಲ್‌ಗಳನ್ನು ಮತ್ತೆ ಓದಿ.

ಕಡಲೆಕಾಯಿ ಅಲರ್ಜಿ ಇರುವ ಮಗುವನ್ನು ಮೂಲೆಯ ಟೇಬಲ್‌ನಲ್ಲಿ ಒಂಟಿಯಾಗಿ ಕೂರಿಸುವುದು ಪರಿಹಾರವಲ್ಲ. ಟೇಬಲ್ ಬೇರೆ ಬೇಕಾದರೆ, ಕಡಲೆಕಾಯಿ ತರದ ಗೆಳೆಯರೂ ಅಲ್ಲಿ ಕೂರಲು ಬಿಡಿ.

ಪ್ರಶ್ನೆ ಕೇಳಿದವರು

ತುಂಬ ಉಪಯೋಗವಾಯಿತು. ಆರು ಆಧಾರಗಳಲ್ಲಿ ಧರ್ಮ ಇಲ್ಲವಲ್ಲ? ಜಾತಿ? ನಮ್ಮ ಇಬ್ಬರು ಸಿಬ್ಬಂದಿ ಬೀಫ್ ಮುಟ್ಟಲು ಹಿಂಜರಿಯುತ್ತಾರೆ, ಅದನ್ನು ಎಲ್ಲಿ ಸೇರಿಸಲಿ?

ಡಿಸ್ಟ್ರಿಕ್ಟ್ ಕಚೇರಿಯವರು

ಇಲ್ಲಿ ಎರಡು ಎಳೆ ಕಲಸಿಹೋಗುತ್ತವೆ, ಬಿಡಿಸಿಕೊಳ್ಳಿ. ಊಟ ಪಡೆಯುವ ಮಗುವಿನ ವಿಷಯದಲ್ಲಿ ಯುಎಸ್‌ಡಿಎ ಶಾಲಾ ಊಟದ ಪಟ್ಟಿಯಲ್ಲಿ ಧರ್ಮ ಇಲ್ಲ. ಹಾಗಾಗಿ ಸಸ್ಯಾಹಾರ, ಹಲಾಲ್, ಕೋಷರ್ ಕೊಡಲೇಬೇಕು ಎಂಬ ಒಕ್ಕೂಟ ಸರ್ಕಾರದ ಕಡ್ಡಾಯ ಇಲ್ಲ, ಊಟದ ಮಾದರಿಯೊಳಗೆ ಕೊಡಲು ಅಡ್ಡಿಯೂ ಇಲ್ಲ. ಕೊಡುವುದು ಒಳ್ಳೆಯದು. "ಇದರಲ್ಲಿ ಏನಿದೆ?" ಎಂದು ಮಗು ಕೇಳಿದಾಗ ಊಹೆ ಹೇಳದೆ ಲೇಬಲ್ ನೋಡಿ ಹೇಳುವುದಂತೂ ಆಗಲೇಬೇಕು. ಜೆಲಾಟಿನ್, ಬೀಫ್ ಸ್ಟಾಕ್ ಇಂಥವುಗಳ ಹಾಳೆ ಲೈನ್ ಹಿಂದೆ ಅಂಟಿಸಿಡಿ.

ನೌಕರರ ಧರ್ಮದ ಪ್ರಶ್ನೆ ಉದ್ಯೋಗ ಕಾನೂನಿನದು, ಅದೇ 1964ರ ಕಾಯ್ದೆಯ ಟೈಟಲ್ 7. ಅಲ್ಲಿ ಧರ್ಮಕ್ಕೆ ರಕ್ಷಣೆ ಇದೆ. ಸುಪ್ರೀಂ ಕೋರ್ಟಿನ 2023ರ ಗ್ರಾಫ್ ವರ್ಸಸ್ ಡಿಜಾಯ್ ತೀರ್ಪಿನ ನಂತರ, ಹೊಂದಾಣಿಕೆ ನಿರಾಕರಿಸಲು ಮಾಲೀಕರು ಗಣನೀಯ ಹೊರೆ ತೋರಿಸಬೇಕು. ಬೀಫ್ ಮುಟ್ಟದವರು ಎಚ್‌ಆರ್‌ಗೆ ಮೊದಲೇ ಬರೆದು ಕೊಡಲಿ, ನೀವು ಅವರಿಗೆ ಹಣ್ಣು, ತರಕಾರಿ ಸ್ಟೇಷನ್ ಕೊಡಬಹುದು. ಲೈನ್‌ನಲ್ಲಿ ಮಗು ನಿಂತಿರುವಾಗ ಮುಖ ಸಿಂಡರಿಸಿ ಬೇರೆಯವರನ್ನು ಕರೆಯುವುದು ಮಾತ್ರ ನಡೆಯಬಾರದು.

ಜಾತಿಯ ಹೆಸರು ಆ ಆರರಲ್ಲಿ ಇಲ್ಲ. ಸಿಯಾಟಲ್ ನಗರ 2023ರಲ್ಲಿ ತನ್ನ ಸ್ಥಳೀಯ ಕಾನೂನಿಗೆ ಸೇರಿಸಿತು. ಕ್ಯಾಲಿಫೋರ್ನಿಯಾದ ಮಸೂದೆ ಅದೇ ವರ್ಷ ರಾಜ್ಯಪಾಲರ ವೀಟೊಗೆ ಬಿತ್ತು. ಆದರೂ ನಮ್ಮವರು ಹೆಚ್ಚಿರುವ ಕಿಚನ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ. ಮಗುವಿನ ಅಡ್ಡಹೆಸರು ಕೇಳಿ ಮನೆತನ ಅಳೆಯುವ, "ನೀವು ಯಾವ ಪೈಕಿ?" ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ ಎಂದು ನೇರವಾಗಿ ಹೇಳಬೇಕು. ಹೇಳದೆ ಬಿಟ್ಟರೆ ಕಿಚನ್‌ನಲ್ಲಿ ಅದು ಮುಂದುವರಿಯುತ್ತದೆ. ಕಾನೂನಿನ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಕಾಯಬೇಕಾದ ವಿಷಯವಲ್ಲ ಇದು.

ದೂರುಗಳ ಉಸ್ತುವಾರಿ ಮಾಡುವವರು

ಸಿಬ್ಬಂದಿಗೆ ಕಲಿಸಬೇಕಾದ ಕೌಶಲ ಒಂದೇ ಎಂದರೆ ಇದನ್ನು ಆರಿಸಿಕೊಳ್ಳಿ. ಸಾರು ತಣ್ಣಗಿತ್ತು ಎನ್ನುವುದು ಸಾಮಾನ್ಯ ದೂರು. "ನಾವು ಸ್ಪ್ಯಾನಿಷ್ ಮಾತಾಡುತ್ತೇವೆ ಅಂತ ನನ್ನ ಮಗನಿಗೆ ಕೊನೆಗೆ ಕೊಟ್ಟರು" ಎನ್ನುವುದು ಸಿವಿಲ್ ರೈಟ್ಸ್ ದೂರು. ನಿಜವೋ ಸುಳ್ಳೋ ತೀರ್ಮಾನಿಸುವುದು ಕೇಳಿಸಿಕೊಂಡವರ ಕೆಲಸವಲ್ಲ. "ಅವಳು ಹಾಗೆಲ್ಲ ಮಾಡುವವಳಲ್ಲ ಬಿಡಿ" ಎಂದು ಸಮಾಧಾನ ಮಾಡಿ ಕಳಿಸುವುದೇ ದೊಡ್ಡ ಲೋಪ.

ದೂರು ಬಾಯಿಮಾತಿನಲ್ಲಿ ಬರಬಹುದು, ಕಾಗದದಲ್ಲಿ ಬರಬಹುದು, ಹೆಸರಿಲ್ಲದೆಯೂ ಬರಬಹುದು. ಎಲ್ಲವೂ ಒಂದೇ. ಯುಎಸ್‌ಡಿಎಯ ಎಡಿ-3027 ಎಂಬ ದೂರಿನ ಫಾರಂ ಇದೆ, ಅದನ್ನೇ ತುಂಬಿ ಎಂದು ಒತ್ತಾಯಿಸಬೇಡಿ. ಬಾಯಿಮಾತಾದರೆ ನೀವೇ ಬರೆದುಕೊಳ್ಳಿ: ಹೇಳಿದವರ ಹೆಸರು ಮತ್ತು ಸಂಪರ್ಕ (ಕೊಟ್ಟರೆ), ಯಾವ ಶಾಲೆ, ಏನಾಯಿತು, ಆರರಲ್ಲಿ ಯಾವ ಆಧಾರ ಎಂದು ಅವರು ಹೇಳುತ್ತಾರೆ, ನೋಡಿದವರು ಯಾರು, ಯಾವ ದಿನಾಂಕ. ಘಟನೆಯಾದ 180 ದಿನಗಳೊಳಗೆ ಯುಎಸ್‌ಡಿಎಗೆ ದೂರು ಕೊಡಬಹುದು, ಫೋನ್ 866-632-9992. ಡಿಸ್ಟ್ರಿಕ್ಟ್‌ನಿಂದ ಮುಂದೆ ಕಳಿಸಲು ಎಷ್ಟು ದಿನ ಎಂಬುದನ್ನು ಶಾಲಾ ಊಟ ನೋಡಿಕೊಳ್ಳುವ ನಿಮ್ಮ ರಾಜ್ಯದ ಏಜೆನ್ಸಿಯ ಕೈಪಿಡಿಯಿಂದ ಬರೆದುಕೊಂಡು ಸ್ಲೈಡ್‌ನಲ್ಲಿ ಹಾಕಿ. ಹೀಗೆ ದೂರುಗಳನ್ನು ಬರೆದಿಡುವ ಲಾಗ್‌ಗೆ ಪ್ರತ್ಯೇಕ ಫೈಲ್ ಇರಲಿ. ದೂರೇ ಬಾರದಿದ್ದರೂ ಖಾಲಿ ಲಾಗ್ ತೋರಿಸಬೇಕಾಗುತ್ತದೆ. ದೂರು ಕೊಟ್ಟ ಮನೆಯ ಮಗುವಿನ ಮೇಲೆ ಸೇಡು ತೀರಿಸುವುದು ತಾನೇ ಒಂದು ಉಲ್ಲಂಘನೆ.

ಕ್ಯಾಶಿಯರ್‌ಗಳ ಮೇಲ್ವಿಚಾರಕರು

ಚಿಕ್ಕದಾಗಿ ಹೇಳುತ್ತೇನೆ. ಉಚಿತ ಅಥವಾ ರಿಯಾಯಿತಿ ಊಟದ ಮಗು ಯಾರೆಂದು ಬೇರೆ ಮಕ್ಕಳಿಗೆ ಗೊತ್ತಾಗಬಾರದು. ಬೇರೆ ಲೈನ್, ಬೇರೆ ಬಣ್ಣದ ಟಿಕೆಟ್, ಬೇರೆ ಟೇಬಲ್, ಊಟಕ್ಕೆ ಬದಲು ಟೇಬಲ್ ಒರೆಸುವ ಕೆಲಸ ಯಾವುದೂ ಇಲ್ಲ. ಕ್ಯಾಶಿಯರ್ ಪರದೆಯ ಮೇಲೆ "ಎಫ್" (ಫ್ರೀ, ಉಚಿತ) ಅಥವಾ "ಆರ್" (ರೆಡ್ಯೂಸ್ಡ್, ರಿಯಾಯಿತಿ) ಅಕ್ಷರ ಕಾಣುತ್ತಿದ್ದರೆ ಸಾಫ್ಟ್‌ವೇರ್‌ನಲ್ಲಿ ಬೇರೆ ಸಂಕೇತಕ್ಕೆ ಬದಲಾಯಿಸಿ, ಪರದೆಯನ್ನು ಮಕ್ಕಳ ಕಡೆಯಿಂದ ತಿರುಗಿಸಿ. "ನಿನ್ನ ಅಕೌಂಟ್‌ನಲ್ಲಿ ಹಣ ಇಲ್ಲ" ಎಂದು ಮಗುವಿಗೆ ಗಟ್ಟಿಯಾಗಿ ಹೇಳಬೇಡಿ, ಬಾಕಿಯ ವಿಷಯ ಪೋಷಕರಿಗೆ ಹೋಗಲಿ.

ಭಾಷಾ ನೆರವಿನ ಕೆಲಸ ಮಾಡುವವರು

ನಿಮ್ಮ ಸಿಬ್ಬಂದಿ ಎರಡು ಮೂರು ಭಾಷೆ ಬಲ್ಲವರು, ಅದು ವರ. ಆದರೆ ಅರ್ಜಿಯ ಆದಾಯದ ವಿವರಗಳನ್ನು ಯಾರು ಬೇಕಾದರೂ ಅನುವಾದಿಸುವಂತಿಲ್ಲ, ಗೋಪ್ಯತೆ ಇದೆ. ಫೋನ್ ಮೂಲಕ ಭಾಷಾಂತರ ಮಾಡುವ ಸೇವೆ ನಿಮ್ಮ ಡಿಸ್ಟ್ರಿಕ್ಟ್‌ಗೆ ಇದ್ದರೆ ಅದರ ನಂಬರ್ ಕ್ಯಾಶ್ ರಿಜಿಸ್ಟರ್ ಪಕ್ಕ ಅಂಟಿಸಿ. ಮಗುವನ್ನೇ ದುಭಾಷಿ ಮಾಡಬೇಡಿ: ಅಜ್ಜಿ ಕನ್ನಡದಲ್ಲಿ ಕೇಳುತ್ತಿದ್ದಾರೆ, ಪಕ್ಕದಲ್ಲಿ ಎರಡನೆಯ ಕ್ಲಾಸಿನ ಮೊಮ್ಮಗ ಇದ್ದಾನೆ, ಅವನ ಬಾಯಲ್ಲಿ ಮನೆಯ ಆದಾಯ ಹೇಳಿಸುವುದು ಬೇಡ. ಯುಎಸ್‌ಡಿಎಯ ಮಾದರಿ ಅರ್ಜಿಗಳು ಹತ್ತಾರು ಭಾಷೆಗಳಲ್ಲಿ ಸಿಗುತ್ತವೆ. ಮುದ್ರಿಸಿಟ್ಟ ಇಂಗ್ಲಿಷ್, ಸ್ಪ್ಯಾನಿಷ್ ಪ್ರತಿಗಳಲ್ಲೇ ನಿಲ್ಲಬೇಡಿ.

ಡಿಸ್ಟ್ರಿಕ್ಟ್ ಕಚೇರಿಯವರು

ಕೊನೆಗೆ ಕಾಗದ, ಗೋಡೆ. "ಆ್ಯಂಡ್ ಜಸ್ಟಿಸ್ ಫಾರ್ ಆಲ್" ಪೋಸ್ಟರ್, ಎಡಿ-475ಎ, 11 ಇಂಚು 17 ಇಂಚಿನದೇ ಆಗಿರಬೇಕು, ಊಟ ಬಡಿಸುವ ಪ್ರತಿ ಜಾಗದಲ್ಲಿ ಮಕ್ಕಳಿಗೂ ಪೋಷಕರಿಗೂ ಕಾಣುವ ಕಡೆ ಇರಬೇಕು. ಮ್ಯಾನೇಜರ್ ಆಫೀಸಿನ ಬಾಗಿಲ ಹಿಂದೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಎ4 ಹಾಳೆಯಲ್ಲಿ ಕುಗ್ಗಿಸಿ ಮುದ್ರಿಸಿದ್ದೂ ಅಷ್ಟೇ. ಮೆನು, ಚೀಟಿ, ವೆಬ್‌ಪುಟದಲ್ಲಿ ಭೇದಭಾವ ವಿರೋಧಿ ಹೇಳಿಕೆ ಹಾಕುವಾಗ ಹಳೆಯ ಮೆನುವಿನಿಂದ ನಕಲಿಸದೆ ರಾಜ್ಯದ ಏಜೆನ್ಸಿಯ ಈಗಿನ ಪಠ್ಯವನ್ನೇ ತೆಗೆದುಕೊಳ್ಳಿ. ಜಾಗ ಕಡಿಮೆಯಿದ್ದರೆ ಒಂದು ಸಾಲಿನ ಚಿಕ್ಕ ಹೇಳಿಕೆ ಸಾಕು, ಅಕ್ಷರದ ಗಾತ್ರ ಉಳಿದ ಪಠ್ಯದಷ್ಟೇ ಇರಲಿ.

ಸೈನ್-ಇನ್ ಹಾಳೆಯಲ್ಲಿ ದಿನಾಂಕ, ಅವಧಿ, ಒಂಬತ್ತು ವಿಷಯಗಳ ಪಟ್ಟಿ, ಹೆಸರು, ಹುದ್ದೆ, ಸಹಿ. ಅದರ ಜೊತೆ ಸ್ಲೈಡ್‌ಗಳ ಒಂದು ಪ್ರತಿಯನ್ನೂ ಸೇರಿಸಿ, ಆ ವರ್ಷದ ಲೆಕ್ಕದ ನಂತರ ಮೂರು ವರ್ಷ ಇಟ್ಟುಕೊಳ್ಳಿ. ಈ ಒಂದು ಗಂಟೆ ಸಿಬ್ಬಂದಿಯ ವಾರ್ಷಿಕ ತರಬೇತಿ ಗಂಟೆಗಳಿಗೂ ಸೇರುತ್ತದೆ: ಮ್ಯಾನೇಜರ್‌ಗೆ 10, ವಾರಕ್ಕೆ 20 ಗಂಟೆ ಅಥವಾ ಹೆಚ್ಚು ಕೆಲಸ ಮಾಡುವವರಿಗೆ 6, ಅದಕ್ಕಿಂತ ಕಡಿಮೆಯವರಿಗೆ 4.

ಅವತ್ತು ರಜೆ ಇದ್ದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಟೋಬರ್‌ನಲ್ಲಿ ಸೇರುವ ಬದಲಿ ಸಿಬ್ಬಂದಿಯನ್ನು ಟ್ರೈನಿಂಗ್ ಮುಗಿಯುವ ತನಕ ಲೈನ್‌ನಲ್ಲಿ ನಿಲ್ಲಿಸಬೇಡಿ, ಪಾತ್ರೆ ತೊಳೆಯುವ ಕಡೆ ಹಾಕಿ.