ಟರ್ಬೊ ಹಾಕಿದ ಹಳೇ ಸಿಟಿ ವಿಟೆಕ್: ಬೂಸ್ಟ್‌ನಲ್ಲಿ ಮಿಸ್‌ಫೈರ್. ಸಿಡಿಐ ಬಾಕ್ಸೋ, ಕಾಯಿಲ್-ಆನ್-ಪ್ಲಗ್ಗೋ?

ಪ್ರಶ್ನೆ:
ಹೋಂಡಾ ಸಿಟಿ 1.5 ವಿಟೆಕ್, 0.7 ಬಾರ್ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ), ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದರ ಬದಲು ಹಾಕಿದ, ನಾವೇ ಸೆಟ್ ಮಾಡುವ ಎಂಜಿನ್ ಕಂಪ್ಯೂಟರ್). ಇಗ್ನಿಷನ್ ಮಾತ್ರ ಕಂಪನಿಯದೇ: ಡಿಸ್ಟ್ರಿಬ್ಯೂಟರ್ (ನಾಲ್ಕೂ ಪ್ಲಗ್‌ಗೆ ಸರದಿಯಲ್ಲಿ ಕಿಡಿ ಹಂಚುವ ಭಾಗ), ಅದರೊಳಗೇ ಒಂದು ಕಾಯಿಲ್. ಬೂಸ್ಟ್ ಇಲ್ಲದಿದ್ದರೆ 7000 ಆರ್‌ಪಿಎಂವರೆಗೂ ಸಲೀಸು. ಫುಲ್ ಬೂಸ್ಟ್‌ನಲ್ಲಿ 5500 ದಾಟಿದರೆ ಪಟಪಟ ಅಂತ ಮುಗ್ಗರಿಸುತ್ತೆ, ವೈಡ್‌ಬ್ಯಾಂಡ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್) ಲೀನ್, ಅಂದರೆ ಪೆಟ್ರೋಲ್ ಕಮ್ಮಿ ಅಂತ ತೋರಿಸುತ್ತೆ. ಪೆಟ್ರೋಲ್ ಜಾಸ್ತಿ ಕೊಟ್ಟರೂ ಉಪಯೋಗವಿಲ್ಲ. ಪ್ಲಗ್ ಎನ್‌ಜಿಕೆ 6, ಗ್ಯಾಪ್ 1.1 ಮಿ.ಮೀ. ಏನು ಬದಲಿಸಲಿ? ಸಿಡಿಐ ಬಾಕ್ಸ್ (ಕೆಪಾಸಿಟರ್‌ನಲ್ಲಿ ಚಾರ್ಜ್ ಕೂಡಿಟ್ಟು ಕಿಡಿ ಕೊಡುವುದು) ಹಾಕಲೋ, ಕಾಯಿಲ್-ಆನ್-ಪ್ಲಗ್ (ಪ್ಲಗ್ಗಿಗೊಂದು ಕಾಯಿಲ್) ಹಾಕಲೋ?

ಉತ್ತರ 1:
ಆ ಲೀನ್ ರೀಡಿಂಗ್ ನಂಬಬೇಡಿ. ಕಿಡಿ ಹತ್ತದಿದ್ದರೆ ಸುಡದ ಆಮ್ಲಜನಕ ಹಾಗೇ ಹೊರಬರುತ್ತೆ, ಸೆನ್ಸರ್ ನೋಡುವುದು ಅದನ್ನೇ. ಹೆಚ್ಚಿಗೆ ಕೊಟ್ಟ ಪೆಟ್ರೋಲ್ ವಾಪಸ್ ತೆಗೆಯಿರಿ.

ಸಿಲಿಂಡರ್‌ನಲ್ಲಿ ಗಾಳಿ ಒತ್ತಾದಷ್ಟೂ ಗ್ಯಾಪ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. 0.7 ಬಾರ್‌ಗೆ 1.1 ತುಂಬಾ ಆಯ್ತು. 7ನೇ ಹೀಟ್ ರೇಂಜ್ ಪ್ಲಗ್ (6ಕ್ಕಿಂತ ಬೇಗ ಶಾಖ ಬಿಡುವಂಥದ್ದು) ತಂದು ಗ್ಯಾಪ್ 0.65ರಿಂದ 0.7ಕ್ಕೆ ಇಳಿಸಿ. ಹೊರಗಿನ ಕೊಂಡಿಯನ್ನಷ್ಟೇ ಬಗ್ಗಿಸಿ. ನಡುವಿನ ಎಲೆಕ್ಟ್ರೋಡ್‌ಗೆ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತೆ. ಎಂಜಿನ್ ತಣ್ಣಗಿದ್ದಾಗ 25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ, ಥ್ರೆಡ್‌ಗೆ ಗ್ರೀಸ್ ಬೇಡ. ಬಿಚ್ಚಿದ ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಕಿಡಿ ಹೊರಗಿನಿಂದಲೇ ಇಳಿದುಹೋಗ್ತಿದೆ ಅಂತ ಅರ್ಥ. ಆಗ ಪ್ಲಗ್ಗೂ ಬೂಟೂ (ಪ್ಲಗ್ ಮೇಲೆ ಕೂರುವ ರಬ್ಬರ್ ಟೋಪಿ) ಎರಡೂ ಬದಲಿಸಿ, ಒಂದನ್ನು ಉಳಿಸಿಕೊಂಡರೆ ಅದು ಇನ್ನೊಂದನ್ನೂ ಕೆಡಿಸುತ್ತೆ.

ಉತ್ತರ 2:
ಗ್ಯಾಪ್ ಸರಿ, ಆದರೆ ಲೆಕ್ಕ ನೋಡಿ. 7000ದಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಲು (ಅಷ್ಟರಲ್ಲಿ ಪ್ರತಿ ಸಿಲಿಂಡರ್‌ಗೂ ಒಂದು ಕಿಡಿ) 17 ಮಿಲಿಸೆಕೆಂಡ್. ನಾಲ್ಕು ಸಿಲಿಂಡರ್‌ಗೂ ಒಂದೇ ಕಾಯಿಲ್ ಆದರೆ ಕಿಡಿಯಿಂದ ಕಿಡಿಗೆ 4.3. ಕಿಡಿ ಉರಿಯಲು ಒಂದು ಮಿಲಿಸೆಕೆಂಡ್ ಹೋದರೆ ಕಾಯಿಲ್ ಚಾರ್ಜ್ ಆಗಲು ಮೂರು ಚಿಲ್ಲರೆ. ಪ್ಲಗ್ಗಿಗೊಂದು ಕಾಯಿಲ್ ಇದ್ದರೆ ಪೂರ್ತಿ 17 ಸಿಗುತ್ತೆ. ಸಿಡಿಐ ಕಿಡಿ ಜೋರು, ಆದರೆ ಗಳಿಗೆಯಲ್ಲಿ ಆರುತ್ತೆ; ಜೊತೆಗೆ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್, ರೋಟರ್ ಸವೆತದ ಕಾಟ ತಪ್ಪೋದಿಲ್ಲ. ನನ್ನ ಮತ ಕಾಯಿಲ್-ಆನ್-ಪ್ಲಗ್‌ಗೆ.

ಡಿಸ್ಟ್ರಿಬ್ಯೂಟರ್ ಕಿತ್ತು ಬಿಸಾಡಬೇಡಿ, ಕ್ಯಾಮ್ ಸಿಗ್ನಲ್ ಅದರಿಂದಲೇ ಸಿಗುತ್ತೆ. ಕ್ರ್ಯಾಂಕ್ ಪುಲ್ಲಿಗೆ 36-1 ವೀಲ್ (36 ಹಲ್ಲಿನ ಜಾಗದಲ್ಲಿ ಒಂದು ಬಿಟ್ಟ, ಸೆನ್ಸರ್ ಓದುವ ಚಕ್ರ) ಹಾಕಿದರೆ ಟೈಮಿಂಗ್ ಬೆಲ್ಟಿನ ಅಲುಗಾಟ ಕಿಡಿಗೆ ತಟ್ಟೋದಿಲ್ಲ. ಕಾಯಿಲ್ ಅರ್ತ್ ನೇರ ಸಿಲಿಂಡರ್ ಹೆಡ್‌ಗೆ, ಪವರ್‌ಗೆ ಬೇರೆ ರಿಲೇ, ಆರ್ಡರ್ 1-3-4-2. ಡ್ವೆಲ್ (ಕಾಯಿಲ್ ಚಾರ್ಜ್ ಮಾಡುವ ಸಮಯ) ಅಂದಾಜಿನಲ್ಲಿ ಇಡಬೇಡಿ: ಕರೆಂಟ್ ಕ್ಲ್ಯಾಂಪ್ ಹಾಕಿ ಆಸಿಲೋಸ್ಕೋಪ್‌ನಲ್ಲಿ ನೋಡಿ, ಕರೆಂಟ್ ಏರುವ ಗೆರೆ ಚಪ್ಪಟೆಯಾಗುವ ಮೊದಲೇ ನಿಲ್ಲಿಸಿ. ಬ್ಯಾಟರಿ ವೋಲ್ಟೇಜ್ ಇಳಿದರೆ ಡ್ವೆಲ್ ಏರಬೇಕು, ಆ ಟೇಬಲ್ ತುಂಬಿಸಿ. ಇಸಿಯುನಲ್ಲಿ ಔಟ್‌ಪುಟ್ ಪೊಲಾರಿಟಿ ತಿರುವುಮುರುವಾದರೆ ಕೀ ಆನ್ ಮಾಡಿದೊಡನೆ ಕಾಯಿಲ್ ಚಾರ್ಜ್ ಆಗುತ್ತಲೇ ಇದ್ದು ಸುಟ್ಟುಹೋಗುತ್ತೆ. ಆ ಸೆಟ್ಟಿಂಗ್ ನೋಡಿಕೊಂಡ ಮೇಲೇ ಕಾಯಿಲ್ ಪವರ್ ಫ್ಯೂಸ್ ಹಾಕಿ.

ಉತ್ತರ 3:
0.7 ಬಾರ್‌ಗೆ ಅಷ್ಟೆಲ್ಲ ಖರ್ಚು ಯಾಕೆ ಗುರು? ಗ್ಯಾಪ್ ಇಳಿಸಿ, ಹೊಸ ಕ್ಯಾಪ್, ರೋಟರ್, ಪ್ಲಗ್ ವೈರ್ ಹಾಕಿ ಮೊದಲು ಓಡಿಸಿ. ಮಿಸ್‌ಫೈರ್ ಹೋಗದೆ ಬರೀ 6500ಕ್ಕೆ ಸರಿದರೆ ಆಗ ಕಾಯಿಲ್ ಮಾತು.

ಯಾವುದೇ ಹಾಕಿದರೂ ಇಸಿಯುನಲ್ಲಿ ಕಿಡಿಯ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ ಟೈಮಿಂಗ್ ಲೈಟ್ ಹಿಡಿಯಿರಿ, ಐಡಲ್‌ನಲ್ಲೂ 4000ದಲ್ಲೂ. ಪುಲ್ಲಿ ಮೇಲಿನ ಗುರುತು ಜರುಗಿದರೆ ಟ್ರಿಗರ್ ಸೆಟ್ಟಿಂಗ್ (ಇಸಿಯು ಕ್ರ್ಯಾಂಕಿನ ಸ್ಥಾನ ಓದುವ ಬಗೆ) ತಪ್ಪಿದೆ, ಅದು ಸರಿಯಾಗುವವರೆಗೆ ಮ್ಯಾಪ್ (ಇಸಿಯುನ ಟೈಮಿಂಗ್, ಪೆಟ್ರೋಲ್ ಕೋಷ್ಟಕ) ಮುಟ್ಟಬೇಡಿ. ಕಾಯಿಲ್-ಆನ್-ಪ್ಲಗ್‌ನಲ್ಲಿ ಲೈಟ್ ಕ್ಲಿಪ್ ಹಾಕಲು ವೈರ್ ಇರೋದಿಲ್ಲ. 1ನೇ ಕಾಯಿಲ್‌ಗೂ ಪ್ಲಗ್‌ಗೂ ನಡುವೆ ತಾತ್ಕಾಲಿಕವಾಗಿ ಒಂದು ಪ್ಲಗ್ ವೈರ್ ಕೊಡಿ.

ಮ್ಯಾಪಿನ ಬೂಸ್ಟ್ ಸೆಲ್‌ಗಳಲ್ಲಿ ಪ್ರತಿ ಪಿಎಸ್ಐಗೆ 1 ಡಿಗ್ರಿ ಕಳೆದು ಶುರು ಮಾಡಿ; 0.7 ಬಾರ್ ಅಂದರೆ ಸುಮಾರು 10 ಪಿಎಸ್ಐ, ಹಾಗಾಗಿ ನಿಮಗೆ ಸುಮಾರು 10 ಡಿಗ್ರಿ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೊಂದೇ ಡಿಗ್ರಿ ಏರಿಸಿ, ಟಾರ್ಕ್ ಏರುವುದು ನಿಂತರೆ ಎರಡು ಹಿಂದಕ್ಕೆ. ಸಾದಾ ಪೆಟ್ರೋಲ್‌ನಲ್ಲಿ ಅಷ್ಟು ದೂರ ಹೋಗುವ ಮೊದಲೇ ನಾಕಿಂಗ್ (ಮಿಶ್ರಣ ತಾನೇ ಸಿಡಿದು ಎಂಜಿನ್ ಬಡಿಯುವುದು) ಬರಬಹುದು. ಪ್ಲಗ್‌ನ ಪಿಂಗಾಣಿ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕಿ ಕಂಡರೆ ಅದೇ. ಎಕ್ಸ್‌ಪಿ100ರಲ್ಲಿ (ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್) ಟ್ಯೂನ್ ಮಾಡಿ ಆಮೇಲೆ ಸಾದಾ ಪೆಟ್ರೋಲ್ ತುಂಬಿಸುವುದಾದರೆ ಬೇರೆ ಮ್ಯಾಪ್ ಇಟ್ಟುಕೊಳ್ಳಿ.