ಊರಿನ ಮಳೆ ಅಳತೆ ಫೋನಿನಿಂದ ತರಗತಿಗೆ: ಹೇಗೆ ಮಾಡುವುದು?

ರೋಣ_ವಿಜ್ಞಾನ:
ನಮಸ್ಕಾರ. ನಮ್ಮ ಪ್ರೌಢಶಾಲೆಗೆ ಸುತ್ತಲಿನ ಆರು ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಈ ಮುಂಗಾರಿನಲ್ಲಿ 9ನೇ ತರಗತಿಯವರು ತಂತಮ್ಮ ಊರಲ್ಲೇ ಮಳೆ ಅಳೆದು ಫೋನಿನಲ್ಲಿ ಕಳಿಸಬೇಕು, ಆ ಅಂಕಿಗಳ ಮೇಲೆ ಗಣಿತ, ಭೂಗೋಳ ಎರಡೂ ಪಾಠ ನಡೆಯಬೇಕು ಎಂಬ ಯೋಜನೆ. ಅಳೆಯಲು 2 ಲೀಟರಿನ ತಂಪು ಪಾನೀಯದ ಬಾಟಲಿ. ಫೋನು ಇರುವುದು ಅಪ್ಪನ ಕೈಯಲ್ಲಿ, ಅವರು ಬೆಳಿಗ್ಗೆಯೇ ಹೊಲಕ್ಕೆ ಹೋಗಿರುತ್ತಾರೆ. ಹೆಚ್ಚಿನ ಮಕ್ಕಳಿಗೆ ಇಮೇಲ್ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಅಂಕಿ ಹಾಕಿಸಿದರೆ ಸಾಕೇ, ಗೂಗಲ್ ಫಾರ್ಮೇ ಬೇಕೇ? ಬಾಟಲಿಯ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹಾನಗಲ್_ಭೂಗೋಳ:
ಸರಿಯಾಗಿ ಕತ್ತರಿಸಿದರೆ ಬಾಟಲಿ ಚೆನ್ನಾಗಿಯೇ ಅಳೆಯುತ್ತದೆ ಸರ್. ಹೆಗಲು ಮುಗಿದು ಮೈ ನೇರವಾಗುವ ಜಾಗದಲ್ಲಿ ಕತ್ತರಿಸಿ, ಮುಚ್ಚಳ ತೆಗೆದು, ಮೇಲಿನ ತುಂಡನ್ನು ಬೋರಲು ಹಾಕಿ ಲಾಳಿಕೆಯಾಗಿ ಕೂಡಿಸಿ. ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಮಕ್ಕಳ ಕೈ ಕುಯ್ಯುತ್ತದೆ.

ಕತ್ತರಿಸಿದ ಮೇಲೆ ಬಾಯಿ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದಕ್ಕೇ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. 11 ಸೆಂ.ಮೀ. ಬಂದರೆ ಬಾಯಿಯ ವಿಸ್ತೀರ್ಣ ಸುಮಾರು 95 ಚದರ ಸೆಂ.ಮೀ., ಅಂದರೆ 9.5 ಎಂ.ಎಲ್. ನೀರಿಗೆ 1 ಮಿ.ಮೀ. ಮಳೆ. ವ್ಯಾಸ 10.5 ಇದ್ದಾಗಲೂ 9.5ರಿಂದಲೇ ಭಾಗಿಸಿದರೆ ಮಳೆ ಸುಮಾರು ಶೇ 9 ಕಡಿಮೆ ಕಾಣುತ್ತದೆ. ಪ್ರತಿ ಬಾಟಲಿಯ ಭಾಜಕವನ್ನು ಅದರ ಮೈಮೇಲೆಯೇ ಮಾರ್ಕರಿನಲ್ಲಿ ಬರೆಸಿಬಿಡಿ.

ತಳಕ್ಕೆ ಹರಳು ಹಾಕಿ, ಸೊನ್ನೆ ಗೆರೆಯವರೆಗೆ ನೀರು ತುಂಬಿ, ಪಕ್ಕಕ್ಕೆ ಸ್ಕೇಲ್ ಅಂಟಿಸುವ ವಿಧಾನ ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ಸೊನ್ನೆಯ ನೀರೇ ಆರಿ ಕೆಳಗಿಳಿದಿರುತ್ತದೆ, ಮರುದಿನದ ತುಂತುರು ಲೆಕ್ಕಕ್ಕೇ ಸಿಗದು. ನೀರನ್ನು ಹೊರಗೆ ಸುರಿದು ಅಳೆಯುವುದೇ ಮೇಲು. ಸಣ್ಣ ಮಳೆಗೆ ಸೂಜಿ ಇಲ್ಲದ 20 ಎಂ.ಎಲ್. ಸಿರಿಂಜ್ ಸಾಕು. 40 ಮಿ.ಮೀ. ಬಿದ್ದ ದಿನ ಮಾತ್ರ 380 ಎಂ.ಎಲ್., ಅಂದರೆ 19 ಸಲ ಎಳೆಯಬೇಕು, ನಡುವೆ ಎಣಿಕೆ ತಪ್ಪುತ್ತದೆ. ಊರಿಗೊಂದು 100 ಎಂ.ಎಲ್. ಪ್ಲಾಸ್ಟಿಕ್ ಅಳತೆ ಜಾಡಿ ಕೊಡಿ.

ಜಾಗ ಬಯಲಾಗಿರಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ, ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ. ಎರೆ ನೆಲದಲ್ಲಿ ಹನಿ ಸಿಡಿದು ರಾಡಿ ಒಳಗೆ ಬೀಳುತ್ತದೆ, ಸುತ್ತ ಗರಸು ಹಾಸಿ. ನೆಂದಾಗ ಎರೆ ಉಬ್ಬಿ ಬಾಟಲಿ ವಾಲುತ್ತದೆ, ಗೂಟಕ್ಕೆ ಕಟ್ಟಿ.

ಧಾರವಾಡ_ಗಣಿತ:
ವಾಟ್ಸಾಪ್ ಗುಂಪು ಬೇಡ. ಎಲ್ಲ ಪಾಲಕರ ನಂಬರು ಎಲ್ಲರಿಗೂ ಕಾಣುತ್ತದೆ. ‘12 ಇದೆ ಸರ್’ ಎಂದು ಬಂದರೆ ಅದು ಎಂ.ಎಲ್. ಅಥವಾ ಮಿ.ಮೀ., ನಿನ್ನೆಯದು ಅಥವಾ ಇವತ್ತಿನದು ಎಂದು ಯಾರಿಗೂ ತಿಳಿಯದು. ಗುಂಪನ್ನು ಲಿಂಕ್ ಕಳಿಸಲಿಕ್ಕೂ ಬಳಸಬೇಡಿ, ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ, ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಪಾಲಕರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಬೇಕು, ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ.

ಫಾರ್ಮಿನಲ್ಲಿ ಇಮೇಲ್ ಸಂಗ್ರಹ, ‘ಒಬ್ಬರಿಗೆ ಒಂದೇ ಉತ್ತರ’ ಎರಡನ್ನೂ ಆಫ್ ಮಾಡಿ. ಫೋಟೊ ಅಪ್‌ಲೋಡ್ ಪ್ರಶ್ನೆ ಇಡಬೇಡಿ. ಅದೊಂದು ಇದ್ದರೆ ಸಾಕು, ಫಾರ್ಮ್ ಗೂಗಲ್ ಲಾಗಿನ್ ಕೇಳುತ್ತದೆ, ಮಗು ಅಲ್ಲೇ ನಿಲ್ಲುತ್ತದೆ. ನಾಲ್ಕೇ ಪ್ರಶ್ನೆ ಸಾಕು: ಊರು (ಪಟ್ಟಿಯಿಂದ ಆರಿಸುವುದು), ಅಳೆದ ದಿನಾಂಕ, ಎಷ್ಟು ಎಂ.ಎಲ್., ಎಷ್ಟು ದಿನದ ನೀರು. ಮಕ್ಕಳ ಹೆಸರು ಬೇಡ. ಎಂ.ಎಲ್. ಪ್ರಶ್ನೆಗೆ ರೆಸ್ಪಾನ್ಸ್ ವ್ಯಾಲಿಡೇಶನ್ ಹಾಕಿ, 0ರಿಂದ 1500ರೊಳಗಿನ ಸಂಖ್ಯೆ ಮಾತ್ರ ಒಪ್ಪಲಿ. ಇಲ್ಲದಿದ್ದರೆ ‘12 ಎಂಎಲ್’ ಎಂದು ಬರೆದದ್ದನ್ನು, ಉತ್ತರಗಳು ಬಂದು ಸೇರುವ ಗೂಗಲ್ ಶೀಟ್ ಅಕ್ಷರವೆಂದು ಎಣಿಸಿ, ಸರಾಸರಿಯಿಂದ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೂರು ಚುಕ್ಕಿಯ ಮೆನುವಿನಲ್ಲಿ ಪ್ರಿ-ಫಿಲ್ಡ್ ಲಿಂಕ್ ಇದೆ. ಊರಿನ ಹೆಸರು ಮೊದಲೇ ತುಂಬಿದ ಲಿಂಕನ್ನು ಆಯಾ ಊರಿಗೆ ಕಳಿಸಿ, ತಪ್ಪು ಊರು ಆರಿಸುವ ತೊಂದರೆ ತಪ್ಪುತ್ತದೆ.

ಫೋನು ಬೆಳಿಗ್ಗೆ ಮನೆಯಲ್ಲಿಲ್ಲದಿದ್ದರೂ ಅಡ್ಡಿಯಿಲ್ಲ. 8:30ಕ್ಕೆ ಅಳೆದು ಕಾರ್ಡಿನಲ್ಲಿ ಬರೆಯಲಿ, ಸಂಜೆ ತುಂಬಲಿ. ಶಾಲೆಗೆ ಬೇಗ ಹೊರಡುವ ಮಗುವಿದ್ದರೆ ಮನೆಯಲ್ಲಿ ಇರುವವರು ಅಳೆಯಲಿ, ಹೊತ್ತು ಬದಲಾಗಬಾರದು. ಹವಾಮಾನ ಇಲಾಖೆಯ ಲೆಕ್ಕವೂ 8:30ರದೇ. ನಿನ್ನೆ ಸಂಜೆ ಸುರಿದದ್ದು ಇವತ್ತಿನ ದಿನಾಂಕಕ್ಕೆ ಸೇರುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಅರ್ಧ ಊರಿನ ಅಂಕಿ ಒಂದು ದಿನ ಹಿಂದೆ ಸರಿದು ನಿಲ್ಲುತ್ತದೆ.

ರೋಣ_ವಿಜ್ಞಾನ:
ಬಹಳ ಉಪಯೋಗವಾಯಿತು. ಮಳೆ ಬಾರದ ದಿನವೂ ತುಂಬಿಸಬೇಕೇ? ಒಂದೇ ಊರಿನಿಂದ ಎರಡು ಸಲ ಬಂದರೆ?

ಧಾರವಾಡ_ಗಣಿತ:
ತುಂಬಲೇಬೇಕು. ‘0’ ಅಂದರೆ ನೋಡಿದೆ, ನೀರಿಲ್ಲ. ಖಾಲಿ ಅಂದರೆ ನೋಡಿಲ್ಲ. ಇವೆರಡನ್ನು ಒಂದೇ ಮಾಡಿದರೆ ಇಡೀ ಕೆಲಸ ಹಾಳು. ಭಾನುವಾರ ತಪ್ಪಿದರೆ ಸೋಮವಾರ ‘2 ದಿನದ ನೀರು’ ಎಂದು ಹಾಕಲಿ, ಎರಡಕ್ಕೆ ಹಂಚಬೇಡಿ.

ಎರಡು ಸಲ ಬರುವುದು ಖಂಡಿತ, ನೆಟ್ ನಿಧಾನವಿದ್ದಾಗ ಮಕ್ಕಳು ಮತ್ತೆ ತುಂಬಿ ಕಳಿಸುತ್ತಾರೆ. ಪಿವಟ್ ಟೇಬಲ್‌ನಲ್ಲಿ (ಅಂಕಿಗಳನ್ನು ಶೀಟ್ ತಾನೇ ಗುಂಪು ಮಾಡಿ ಕೊಡುವ ಕೋಷ್ಟಕ) ಸಾಲಿಗೆ ದಿನಾಂಕ, ಕಂಬಕ್ಕೆ ಊರು ಇಟ್ಟು, ಮೌಲ್ಯಕ್ಕೆ ಮೊತ್ತದ ಬದಲು ಸರಾಸರಿ ಆರಿಸಿ. ಮೊತ್ತ ಇಟ್ಟರೆ ಆ ಊರಿಗೆ ಮಳೆ ಎರಡು ಪಟ್ಟಾಗುತ್ತದೆ. ಲೆಕ್ಕವೆಲ್ಲ ಬೇರೆ ಹಾಳೆಯಲ್ಲಿರಲಿ, ಉತ್ತರ ಬಂದು ಬೀಳುವ ಹಾಳೆಯನ್ನು ಮುಟ್ಟಬೇಡಿ.

ಗದಗ_ಸಮಾಜ:
ಅಂಕಿ ಕೂಡಸೂದು ಸಲೀಸ ಐತ್ರಿ ಸರ್, ಅದು ತಿರುಗಿ ತರಗತಿಗೆ ಬರಬೇಕಲ್ಲ, ಅದಕ್ಕ ಶನಿವಾರ ಒಂದು ತಾಸು ಮೀಸಲ ಇಡ್ರಿ. 1 ಮಿ.ಮೀ. ಮಳಿ ಒಂದು ಎಕರೆಕ್ಕ ಸುಮಾರು 4,047 ಲೀಟರ ನೀರು. ‘ನಮ್ಮ ಹೊಲಕ್ಕ ಈ ವಾರ ಎಷ್ಟು ನೀರು ಬಿತ್ತು’ ಅಂತ ಹುಡುಗರು ತಾವ ಲೆಕ್ಕಾ ಹಾಕ್ಲಿ. ಆ ಅಂಕಿ ಮನ್ಯಾಗ ಹೇಳಿದ್ರ ಅಪ್ಪನೂ ಕಿವಿಗೊಡ್ತಾನ.

ಶೀಟಿನ್ಯಾಗ ಮಳಿ ನಕ್ಷತ್ರದ್ದೊಂದು ಕಂಬ ಸೇರಸ್ರಿ. ಮೃಗಶಿರಾ ಜೂನ್ 7-8ಕ್ಕ, ಆರಿದ್ರಾ 21-22ಕ್ಕ ಹೂಡತಾವ, ಒಂದೊಂದು 13-14 ದಿನ. ಹಿರಿಯರು ಮಳಿ ಲೆಕ್ಕಾ ಇಡೂದು ಹಂಗ. ಹೆಸರಕಾಳು ಬಿತ್ತಿದ್ದು ಯಾವ ಮಳಿಗೆ, ಆಗ ಬಾಟಲಿ ಎಷ್ಟು ತೋರಿಸಿತ್ತು ಅಂತ ಹುಡುಗರು ಮನ್ಯಾಗ ಕೇಳಿ ಬರೀಲಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳಿಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಸತಾವ, ಅದರ ಜೋಡಿ ಹೋಲಿಸ್ರಿ. ದಿನಾ ಒಂದ ಇರಬೇಕಂತ ಏನಿಲ್ಲ, ಗುಡುಗಿನ ಮಳಿ ಒಂದೂರಿಗೆ ಬಿದ್ದು ಪಕ್ಕದೂರು ಒಣಗೇ ಇರತೈತಿ. ಆದ್ರ ಒಂದ ಊರು ಎಲ್ಲಾ ದಿನಾನೂ ಕಡಿಮಿ ತೋರಿಸಿದ್ರ ಬಾಟಲಿ ನೋಡ್ರಿ: ಗಿಡದ ಬುಡಕ್ಕ ಇಟ್ಟಿರತಾರ, ಇಲ್ಲಾ ತಳ ಸೋರತಿರತೈತಿ.

ಹಾನಗಲ್_ಭೂಗೋಳ:
ಸರ್, ಹಾನಗಲ್ಲಿನ ಒಂದು ಶಾಲೆಯೊಂದಿಗೆ ಜೋಡಿ ಮಾಡಿಕೊಳ್ಳಿ. ಅರೆಮಲೆನಾಡಿನಿಂದ ರೋಣದ ಬಯಲಿನವರೆಗೆ ಮಳೆ ಹೇಗೆ ಇಳಿಯುತ್ತದೆ ಎಂಬುದು ಮಕ್ಕಳ ಅಂಕಿಯಲ್ಲೇ ಕಾಣುತ್ತದೆ. ಪಿವಟ್ ಇರುವ ಹಾಳೆಯನ್ನಷ್ಟೇ ‘ಪಬ್ಲಿಷ್ ಟು ವೆಬ್’ ಮಾಡಿ (ಲಿಂಕ್ ಇದ್ದವರು ನೋಡುವಂತೆ) ಕೊಡಿ, ಪೂರ್ತಿ ಶೀಟನ್ನಲ್ಲ. ಎರಡೂ ಕಡೆ ಭಾಜಕ ಹಾಕಿ ಮಿ.ಮೀ.ಗೆ ತಂದ ಅಂಕಿಯೇ ಇರಲಿ. ಬಾಟಲಿ ಬೇರೆ ಬೇರೆ ಇರುವಾಗ ಎಂ.ಎಲ್. ಹೋಲಿಸಿ ಉಪಯೋಗವಿಲ್ಲ.